ಯಾರ ಲೆಕ್ಕ, ಯಾರ ಮೈಮೇಲೆ

ಜ್ವರ ಬಂದವರನ್ನು ನೋಡಲು ಹೋದವರು ಕಾರಣ ಕೇಳುವುದಿಲ್ಲ. ಮಳೆಗೆ ನೆನೆದಿರಬೇಕು ಅಂದುಕೊಂಡು, ಕಷಾಯ ಕುಡಿಯಲು ಹೇಳಿ ಬರುತ್ತಾರೆ. ಬಿ.ಪಿ., ಶುಗರ್ ಆದರೆ ವಯಸ್ಸಾಯಿತಲ್ಲ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಕ್ಯಾನ್ಸರ್ ಎಂದಾಗ ಮಾತ್ರ ಎಲ್ಲರಿಗೂ ಕಾರಣ ಬೇಕು, ಅದೂ ಕೂಡಲೇ ಬೇಕು.

ನನ್ನ ಎಡ ಎದೆಯ ಗೆಡ್ಡೆಗೆ ಸೂಜಿ ಹಾಕಿ ತೆಗೆದ ಚೂರಿನ ವರದಿ ಮಂಗಳೂರಿನಿಂದ ಬಂದದ್ದು 2022ರ ಆಟಿ ತಿಂಗಳಲ್ಲಿ. ಬದಿಯಡ್ಕದಿಂದ ಒಳಗಿರುವ ನಮ್ಮ ಮನೆಗೆ ಆ ಜಡಿಮಳೆಯಲ್ಲೂ ಜನ ಬಂದರು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಸಿ ಅನ್ನ ಹಾಕಿಟ್ಟು ತಿಂದದ್ದರಿಂದ ಎಂದರು ಒಬ್ಬರು. ಇಂಜೆಕ್ಷನ್ ಕೊಟ್ಟು ಬೆಳೆಸಿದ ಕೋಳಿಯಿಂದ ಎಂದರು ಇನ್ನೊಬ್ಬರು. ತಮ್ಮನ ಹೆಂಡತಿ, ಎಂ.ಎ. ಓದಿದವಳು, "ನೀವು ಸಿಟ್ಟನ್ನೆಲ್ಲ ಒಳಗೇ ಇಟ್ಟುಕೊಳ್ತೀರಿ ಅಕ್ಕ, ಅದೇ ಗಂಟು ಕಟ್ಟುವುದು" ಎಂದಳು. ಎಂಬತ್ತು ದಾಟಿದ ಚಿಕ್ಕಮ್ಮ ಮಾತ್ರ ಸುತ್ತಿ ಬಳಸಿ ಹೇಳಲಿಲ್ಲ: "ಯಾವ ಜನ್ಮದ ಪಾಪವೋ ಮಗಾ."

ನನಗೆ ನಾಲ್ವರೂ ಒಂದೇ ಮಾತು ಹೇಳಿದಂತೆ ಕೇಳಿಸಿತು. ನೀನು ಏನೋ ಮಾಡಿದ್ದೀ, ಅದಕ್ಕೆ ಬಂತು. ನಾವು ಅದನ್ನು ಮಾಡಿಲ್ಲ, ನಮಗೆ ಬರಲಿಕ್ಕಿಲ್ಲ. ಸಿಟ್ಟು ನುಂಗಿದರೆ ಕ್ಯಾನ್ಸರ್ ಎನ್ನುವುದು ಓದಿದವರ ಕರ್ಮಸಿದ್ಧಾಂತ, ಅಷ್ಟೆ. ಅಮೆರಿಕದ ಸೂಸನ್ ಸೊಂಟಾಗ್ ತನಗೇ ಸ್ತನ ಕ್ಯಾನ್ಸರ್ ಆಗಿ ಚಿಕಿತ್ಸೆ ಪಡೆದ ಮೇಲೆ, 1978ರಲ್ಲಿ, ಇಂಥ ಮಾತಿನ ವಿರುದ್ಧ ಒಂದು ಪುಸ್ತಕವನ್ನೇ ಬರೆದಳಂತೆ. ಅವಳ ಮನೆಗೂ ಇಂಥ ನೆಂಟರು ಬಂದಿರಬೇಕು.

ಅನುದಾನಿತ ಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. 'ಕಾರಣ ತಿಳಿಸಿರಿ' ಎಂಬ ಎರಡು ಅಂಕದ ಪ್ರಶ್ನೆಯನ್ನು ವರ್ಷವರ್ಷವೂ ಮಕ್ಕಳಿಗೆ ಹಾಕಿದ್ದೇನೆ. ಉತ್ತರ ಪಾಠದಲ್ಲೇ ಇರುತ್ತಿತ್ತು. ಈ ಪಾಠದಲ್ಲಿ ಉತ್ತರ ಇಲ್ಲ ಎಂದು ಒಪ್ಪಲು ನನಗೆ ಬಹಳ ಹೊತ್ತು ಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ: ಸ್ತನ ಕ್ಯಾನ್ಸರ್ ಆದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ, ಹೆಣ್ಣಾಗಿ ಹುಟ್ಟಿ ವಯಸ್ಸಾದದ್ದನ್ನು ಬಿಟ್ಟರೆ, ಬೇರೆ ಯಾವ ಗೊತ್ತಾದ ಅಪಾಯದ ಕಾರಣವೂ ಇರುವುದಿಲ್ಲ. ಅದೇ 2022ರಲ್ಲಿ ಭಾರತದಲ್ಲಿ ಸುಮಾರು 1,92,000 ಹೆಂಗಸರಿಗೆ ಈ ಕಾಯಿಲೆ ಹೊಸದಾಗಿ ಬಂತೆಂಬ ಅಂದಾಜಿದೆ. ಅಷ್ಟು ಮಂದಿಯ ಮನೆಯಲ್ಲೂ ಯಾರೋ ಒಬ್ಬ ಚಿಕ್ಕಮ್ಮ ಯಾವ ಜನ್ಮದ್ದೋ ಎಂದಿರುತ್ತಾಳೆ.

ಮೊದಲು ಕೀಮೋ, ಆಮೇಲೆ ಆಪರೇಷನ್, ಆಮೇಲೆ ರೇಡಿಯೇಷನ್ ಎಂದು ಡಾಕ್ಟರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಕೇರಳದವರಾದ ನಮಗೆ ಮಂಗಳೂರು ಹತ್ತಿರ, ಆದರೆ ಅದು ಬೇರೆ ರಾಜ್ಯ. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ನಮ್ಮ ರಾಜ್ಯದ್ದು, ಆದರೆ ದೂರ. ಉಕ್ಕಿನಡ್ಕದಲ್ಲಿ 2013ರಲ್ಲಿ ಶಂಕುಸ್ಥಾಪನೆ ಆದ ಮೆಡಿಕಲ್ ಕಾಲೇಜಿನ ಎದುರಿನಿಂದಲೇ ಪಡ್ರೆ, ಪೆರ್ಲದ ರೋಗಿಗಳು ಇಂದಿಗೂ ಇಂಥ ಚಿಕಿತ್ಸೆಗೆ ಬೇರೆ ಊರಿಗೆ ಹೋಗುತ್ತಾರೆ. ನಾವು ಮಂಗಳೂರನ್ನೇ ಆರಿಸಿಕೊಂಡೆವು. ತಲಪಾಡಿ ಗೇಟು ದಾಟುವಾಗಲೆಲ್ಲ ನನ್ನ ಗಂಡ 2020ರ ಮಾರ್ಚ್ ತಿಂಗಳನ್ನು ನೆನಪಿಸುತ್ತಿದ್ದರು. ಆಗ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಆಂಬುಲೆನ್ಸುಗಳನ್ನು ಹಿಂದೆ ಕಳಿಸಿದ್ದರು, ಮಂಗಳೂರು ಮುಟ್ಟಲಾಗದೆ ನಮ್ಮ ಜಿಲ್ಲೆಯ ರೋಗಿಗಳು ಸತ್ತಿದ್ದರು, ಹೈಕೋರ್ಟು, ಸುಪ್ರೀಂ ಕೋರ್ಟುಗಳವರೆಗೆ ಮಾತು ಹೋಗಿತ್ತು. ಅವರು ಸತ್ತದ್ದು ಯಾವ ಜನ್ಮದ ಪಾಪದಿಂದ ಎಂದು ಯಾರೂ ಕೇಳಲಿಲ್ಲ. ಮಣ್ಣು ಕಣ್ಣೆದುರಿಗೇ ಇತ್ತು.

ಕೆಂಪು ಬಣ್ಣದ ಮದ್ದು ನರದೊಳಗೆ ಇಳಿದ ಆ ತಿಂಗಳುಗಳ ಬಗ್ಗೆ ಹೆಚ್ಚು ಬರೆಯಲಾರೆ. ಕೂದಲು ಹೋಯಿತು, ಅದು ಬೇಗ ರೂಢಿಯಾಯಿತು. ನಾಲಿಗೆ ಹೋದದ್ದು ರೂಢಿಯಾಗಲಿಲ್ಲ. ಕುಚ್ಚಲಕ್ಕಿ ಗಂಜಿಯೂ ತುಕ್ಕಿನ ರುಚಿ ಕೊಡುತ್ತಿತ್ತು, ಮಿಡಿ ಉಪ್ಪಿನಕಾಯಿ ಬಾಯಿಗೆ ತಾಗಿದರೆ ಉರಿ. ನಿದ್ದೆ ಬಾರದ ರಾತ್ರಿಗಳಲ್ಲಿ ನಾನು ನನ್ನ ತಪ್ಪುಗಳನ್ನು ಹುಡುಕುತ್ತಿದ್ದೆ. ವಿಚಿತ್ರವೆಂದರೆ ತಪ್ಪು ಸಿಕ್ಕಿದರೆ ಸಮಾಧಾನವಾಗುತ್ತಿತ್ತು. ನಾನು ಮಾಡಿದ್ದರಿಂದ ಬಂತು ಎಂದಾದರೆ, ನಾನು ಏನಾದರೂ ಮಾಡಿ ಅದನ್ನು ಕಳೆಯಲೂಬಹುದಲ್ಲ. ಹರಕೆ ಹೇಳಬಹುದು, ಮಧೂರಿಗೆ ಸಹಸ್ರಾಪ್ಪ ಒಪ್ಪಿಸಬಹುದು. ಕಾರಣವೇ ಇಲ್ಲ, ಕೋಶ ತನ್ನನ್ನು ತಾನು ನಕಲು ಮಾಡುವಾಗ ಎಲ್ಲೋ ಒಂದಕ್ಷರ ತಪ್ಪಿತು ಎಂದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಕ್ಯಾನ್ಸರಿಗೆ ಕಾರಣವಾಗುವ ಬದಲಾವಣೆಗಳಲ್ಲಿ ಮೂರನೇ ಎರಡರಷ್ಟು ಇಂಥ ಆಕಸ್ಮಿಕ ತಪ್ಪುಗಳು ಎಂದು ಟೊಮಸೆಟ್ಟಿ, ಫೋಗೆಲ್‌ಸ್ಟೈನ್ ಮೊದಲಾದವರು 2017ರಲ್ಲಿ 'ಸಯನ್ಸ್' ಪತ್ರಿಕೆಯಲ್ಲಿ ಬರೆದಾಗ ವಿಜ್ಞಾನಿಗಳ ನಡುವೆಯೇ ದೊಡ್ಡ ವಾದ ಎದ್ದಿತ್ತು. ಲೆಕ್ಕದ ತಕರಾರು ಇರಬಹುದು. ಆದರೆ 'ಸುಮ್ಮನೆ ಬಂತು' ಎಂಬ ಮಾತನ್ನು ಸಹಿಸಲು ವಿಜ್ಞಾನಿಗಳಿಗೂ ಕಷ್ಟವೇ ಇದ್ದೀತು ಎಂದು ನನಗೆ ಅನಿಸುತ್ತದೆ.

ಮಗಳು ಬೆಂಗಳೂರಿನಿಂದ ಪುಸ್ತಕ ಕಳಿಸುತ್ತಿದ್ದಳು. ಭಾರತಿ ಬಿ.ವಿ. ತಮ್ಮ ಕ್ಯಾನ್ಸರ್ ಅನುಭವವನ್ನು ಬರೆದ 'ಸಾಸಿವೆ ತಂದವಳು' ಅದರಲ್ಲಿತ್ತು. ಕಿಸಾಗೋತಮಿಯ ಕಥೆ ನಾನು ಶಾಲೆಯಲ್ಲಿ ಎಷ್ಟೋ ಸಲ ಹೇಳಿದ್ದೇ. ಸಾವಿಲ್ಲದ ಮನೆಯಿಂದ ಸಾಸಿವೆ ತರಬೇಕು ಎಂದ ಬುದ್ಧ, ಅಂಥ ಮನೆ ಇಲ್ಲ. ಮಲಗಿ ಓದುವಾಗ ಮಾತ್ರ ಆ ಕಥೆ ನನಗೆ ಸಾಲಲಿಲ್ಲ. ಸಾವು ಎಲ್ಲ ಮನೆಗೂ ಸಮ, ಸರಿ. ಈ ಕಾಯಿಲೆ ಸಮವಾಗಿ ಹಂಚಿಲ್ಲವಲ್ಲ. ನನ್ನ ಓರಗೆಯವರು ಎಷ್ಟೋ ಮಂದಿ ಕೆಮ್ಮು ಕೂಡ ಇಲ್ಲದೆ ಓಡಾಡಿಕೊಂಡಿದ್ದಾರೆ.

ಬುದ್ಧನ ಇನ್ನೊಂದು ಸಂವಾದ ಅದಕ್ಕಿಂತ ಹತ್ತಿರ ಬಂತು. ಸಂಯುಕ್ತ ನಿಕಾಯದಲ್ಲಿದೆ. ಮೋಳಿಯ ಸೀವಕ ಎಂಬ ಪರಿವ್ರಾಜಕ ಬಂದು, ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಎನ್ನುತ್ತಾರಲ್ಲ, ನಿಜವೇ ಎಂದು ಕೇಳುತ್ತಾನೆ. ಕರ್ಮವನ್ನು ನಂಬಿದ ಬುದ್ಧ ಹೌದು ಎನ್ನಬೇಕಿತ್ತು. ಅನ್ನುವುದಿಲ್ಲ. ಪಿತ್ತದಿಂದ ಬರುವ ನೋವಿದೆ, ಕಫದಿಂದ, ವಾತದಿಂದ, ಮೂರೂ ಸೇರಿ, ಋತು ತಿರುಗಿದ್ದರಿಂದ, ಮೈಯನ್ನು ಸರಿಯಾಗಿ ನೋಡಿಕೊಳ್ಳದ್ದರಿಂದ, ಹೊರಗಿನ ಏಟಿನಿಂದ ಬರುವ ನೋವಿದೆ ಎಂದು ಎಣಿಸುತ್ತ ಹೋಗಿ ಕರ್ಮಫಲವನ್ನು ಎಂಟನೆಯದಾಗಿ ಹೇಳುತ್ತಾನೆ. ಎಲ್ಲವೂ ಹಿಂದಿನದರ ಫಲ ಎನ್ನುವವರು ತಾವು ಕಂಡದ್ದನ್ನೂ ಲೋಕ ಒಪ್ಪಿದ್ದನ್ನೂ ಮೀರಿ ಮಾತಾಡುತ್ತಾರೆ ಎನ್ನುತ್ತಾನೆ. ಎಂಟರಲ್ಲಿ ಒಂದು! ಆ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು.

ಇಷ್ಟರಲ್ಲಿ ನಮ್ಮ ತರವಾಡಿನಲ್ಲಿ ಸೋದರಮಾವ ತಾಂಬೂಲ ಪ್ರಶ್ನೆ ಇಡಿಸಿದರು. ನಾನು ಬೇಡವೆನ್ನಲಿಲ್ಲ. ಆಸ್ಪತ್ರೆಯಲ್ಲಿ ಗಂಡಸರಿಗೆ ಮಾಡಲು ಏನೂ ಇರುವುದಿಲ್ಲ. ಫೈಲು ಹಿಡಿದು, ಟೋಕನ್ ನಂಬರು ನೋಡುತ್ತ, ಕ್ಯಾಂಟೀನಿನ ಚಹಾ ಕುಡಿದು ಕುಡಿದು ಅವರ ಮುಖ ಬಾಡಿಹೋಗಿತ್ತು. ಪ್ರಶ್ನೆ ಎಂದ ಕೂಡಲೇ ಮಾವ, ಇವರು, ತಮ್ಮ ಎಲ್ಲರಿಗೂ ಜೀವ ಬಂತು. ವೀಳ್ಯದೆಲೆ ತರುವುದೇನು, ಜೋಯಿಸರನ್ನು ಕರೆಯಲು ಕಾರು ಮಾಡುವುದೇನು. ಒಯ್ದ ಎಲೆಗಳಲ್ಲಿ ಹನ್ನೆರಡನ್ನು ಹನ್ನೆರಡು ಭಾವಗಳಿಗೆ ಇಟ್ಟು, ಹರಿದದ್ದು ಯಾವುದು, ಹುಳ ತಿಂದದ್ದು ಯಾವುದು ನೋಡಿ, ಕವಡೆ ಹಾಕಿ, ಜೋಯಿಸರು ಎರಡು ವಿಷಯ ಹೇಳಿದರು. ನಾಗಬನ ಅಶುದ್ಧವಾಗಿದೆ. ಮತ್ತೆ, ಕುಟುಂಬದಲ್ಲಿ ಹಿಂದೆ ಒಬ್ಬ ಹೆಣ್ಣು ನೊಂದು ಹೋಗಿದ್ದಾಳೆ, ಆಕೆಯ ಕಣ್ಣೀರು ಇನ್ನೂ ಆರಿಲ್ಲ.

ಜಗಲಿಯಲ್ಲಿ ಎಲ್ಲರೂ ಸುಮ್ಮನಾದರು. ಯಾಕೆಂದರೆ ಅದು ಸುಳ್ಳಲ್ಲ. ನನ್ನ ಅಜ್ಜಿಯ ಅಜ್ಜಿಯ ತಂಗಿ ಒಬ್ಬಳನ್ನು, ಬೇರೆ ಜಾತಿಯವನಿಂದ ಬಸುರಾದಳೆಂದು, ಆಗಿನ ಯಜಮಾನರು ರಾತ್ರೋರಾತ್ರಿ ಹೊರಗೆ ಹಾಕಿದ್ದರಂತೆ. ನಮ್ಮದು ಅಳಿಯಸಂತಾನ. ಮನೆ, ಗದ್ದೆ, ದೈವ ಎಲ್ಲ ಹೆಣ್ಣಿನ ಬಳ್ಳಿಯಲ್ಲಿ ಇಳಿಯುತ್ತದೆ. ಹಾಗಾಗಿ ಶಾಪವೂ ಅದೇ ಬಳ್ಳಿಯಲ್ಲಿ ಇಳಿದು ನನಗೆ ತಾಗಿತು ಎಂಬುದು ಅಲ್ಲಿ ಕೂತವರ ಲೆಕ್ಕ. ತಿಲಹೋಮ, ಸಾಯುಜ್ಯ ಪೂಜೆ, ನಾಗನಿಗೆ ಆಶ್ಲೇಷಾ ಬಲಿ ಎಂದು ಪಟ್ಟಿಯಾಯಿತು.

ನಾನು ತಲೆಗೆ ಬಟ್ಟೆ ಸುತ್ತಿಕೊಂಡು ಚಾವಡಿಯ ಮೂಲೆಯಲ್ಲಿ ಕೂತು ಬೇರೆಯೇ ಲೆಕ್ಕ ಹಾಕುತ್ತಿದ್ದೆ. ಹೊರಗೆ ಹಾಕಿದ ಯಜಮಾನರು ತೊಂಬತ್ತು ದಾಟಿ, ಹಾಸಿಗೆಯಲ್ಲಿ, ಮಲಗಿದಲ್ಲೇ ಕಣ್ಣು ಮುಚ್ಚಿದರಂತೆ. ಅವರ ಫೋಟೊಗೆ ಇವತ್ತಿಗೂ ಹೂವಿನ ಮಾಲೆ ಇದೆ. ನೂರು ವರ್ಷ ಕಾದು, ತನ್ನನ್ನು ಹೊರಗೆ ಹಾಕಿದವನನ್ನು ಬಿಟ್ಟು, ತನ್ನನ್ನು ಕಂಡೇ ಇಲ್ಲದ ಇನ್ನೊಬ್ಬ ಹೆಂಗಸಿನ ಎದೆಗೆ ಕೈ ಹಾಕುವಳೇ ಆಕೆ? ಅಷ್ಟು ನೊಂದವಳಿಗೆ ಅಷ್ಟೂ ನ್ಯಾಯ ಗೊತ್ತಿರಲಿಲ್ಲವೇ? ಬದುಕಿದ್ದಾಗ ಮನೆಯಿಂದ ಹೊರಗೆ ಹಾಕಿದೆವು, ಸತ್ತ ಮೇಲೆ ಕ್ರೂರಿ ಎಂದು ಹೆಸರಿಟ್ಟೆವು.

ಆಸ್ಪತ್ರೆಯವರಿಗೂ ಕುಟುಂಬದ ಚರಿತ್ರೆ ಬೇಕಿತ್ತು. ತಾಯಿಯ ಕಡೆ ಯಾರಿಗಾದರೂ ಆಗಿತ್ತೇ ಎಂದು ಕೇಳಿದ ಡಾಕ್ಟರು, ತಂದೆಯ ಕಡೆ ಎಂದೂ ಕೇಳಿದಾಗ ಮಾವನಿಗೆ ಆಶ್ಚರ್ಯ. 1994, 95ರಲ್ಲಿ ಗುರುತಿಸಿದ ಬಿ.ಆರ್.ಸಿ.ಎ. ಒಂದು, ಎರಡು ಎಂಬ ಜೀನುಗಳ ದೋಷ ಅಪ್ಪನಿಂದಲೂ ಅಷ್ಟೇ ಸಲೀಸಾಗಿ ಮಗಳಿಗೆ ಬರಬಹುದು. ವಂಶದಿಂದ ಬರುವ ಸ್ತನ ಕ್ಯಾನ್ಸರ್ ಒಟ್ಟಿನಲ್ಲಿ ನೂರಕ್ಕೆ ಐದರಿಂದ ಹತ್ತು ಮಾತ್ರ. ನನ್ನ ರಕ್ತ ಪರೀಕ್ಷೆಯಲ್ಲಿ ಆ ದೋಷ ಕಾಣಲಿಲ್ಲ. ಶಾಪ ಅಳಿಯಸಂತಾನದ ಕಟ್ಟಳೆಯಲ್ಲಿ ನಡೆಯುತ್ತದೆ, ಜೀನಿಗೆ ಆ ಕಟ್ಟಳೆ ಗೊತ್ತಿಲ್ಲ ಎಂದು ನಾನು ತಮಾಷೆ ಮಾಡಿದರೆ ಯಾರೂ ನಗಲಿಲ್ಲ.

ಕೀಮೋ ವಾರ್ಡಿನಲ್ಲಿ ಪಕ್ಕದ ಕುರ್ಚಿಗೆ ಬರುತ್ತಿದ್ದವರು ಬೇಳದ ಕಡೆಯ ಒಬ್ಬ ಬಾಯಮ್ಮ. ವ್ಯಾಕುಲ ಮಾತೆಯ ಇಗರ್ಜಿಯವರು. ಮದ್ದು ಇಳಿಯುವ ಹೊತ್ತಿನಲ್ಲಿ ಅವರು ಹುಟ್ಟು ಕುರುಡನ ಕಥೆ ಹೇಳಿದರು. ಪಾಪ ಮಾಡಿದವರು ಯಾರು, ಇವನೋ ಇವನ ಅಪ್ಪ ಅಮ್ಮನೋ ಎಂದು ಶಿಷ್ಯರು ಕೇಳಿದಾಗ ಯೇಸು, ಇವನೂ ಅಲ್ಲ, ಅವರೂ ಅಲ್ಲ ಎಂದನಂತೆ. ಅಲ್ಲಿಗೆ ನನಗೆ ಖುಷಿಯಾಯಿತು. ಬಾಯಮ್ಮನಿಗೆ ಆಗಲಿಲ್ಲ. ದೇವರ ಮಹಿಮೆ ಇವನಲ್ಲಿ ಕಾಣಬೇಕೆಂದು ಹೀಗಾಯಿತು ಎಂಬ ಮುಂದಿನ ಮಾತು ಅವರಿಗೆ ಒಗ್ಗುತ್ತಿರಲಿಲ್ಲ. "ಹಾಗಾದ್ರೆ ಆ ಪಾಪದವ ಅಷ್ಟು ವರ್ಷ ಕತ್ತಲಲ್ಲಿ ಕೂತದ್ದು ತೋರಿಸ್ಲಿಕ್ಕಾ ಟೀಚರ್? ಪಾದ್ರಿಗಳ ಹತ್ರ ಕೇಳಿದೆ, ಅವರು ಬೇರೆ ಏನೋ ಹೇಳಿದ್ರು." ಅವರ ಜಪಸರ ಮಾತ್ರ ಕೈಯಿಂದ ಇಳಿಯುತ್ತಿರಲಿಲ್ಲ. ದೇವರನ್ನು ಬಿಡದೆ ದೇವರ ಉತ್ತರವನ್ನು ಒಪ್ಪದೆ ಇರಬಹುದು ಎಂಬುದನ್ನು ನಾನು ಅವರಿಂದ ಕಲಿತೆ.

ಪೆರ್ಲದ ಆಚೆ ಮದುವೆಯಾಗಿ ಹೋದ ನನ್ನ ಅಕ್ಕನದು ಇನ್ನೊಂದು ತೀರ್ಪು: "ಎಂಡೋಸಲ್ಫಾನೇ. ಮತ್ತೆಂತ ಇಲ್ಲ." ಎಣ್ಮಕಜೆ ಪಂಚಾಯತಿನವರು ಹಾಗೆ ಹೇಳಿದರೆ ತಳ್ಳಿಹಾಕುವ ಹಾಗಿಲ್ಲ. ಟೀ ಸೊಳ್ಳೆ ಎಂಬ ಕೀಟ ಗೇರು ಚಿಗುರನ್ನು ಹಾಳುಮಾಡುತ್ತದೆಂದು ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನವರು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಆ ಮದ್ದು ಬಿಟ್ಟರು. ಗುಡ್ಡದ ಮೇಲೆ ಗೇರು ತೋಟ, ಕೆಳಗೆ ಸುರಂಗದ ನೀರು, ತೋಡಿನ ನೀರು ಕುಡಿಯುವ ಮನೆಗಳು. ಬೆಳೆಯದ ತಲೆ, ತಿರುಚಿದ ಕೈಕಾಲಿನ ಮಕ್ಕಳು ಹುಟ್ಟಿದಾಗ ಜಟಾಧಾರಿ ದೈವದ ಮುನಿಸು ಎಂದವರಿದ್ದರು. ತಾಯಂದಿರು ತಮ್ಮ ಪಾಪವನ್ನು ಹುಡುಕಿಕೊಂಡರು. ವಾಣಿನಗರದ ಡಾಕ್ಟರು ವೈ.ಎಸ್. ಮೋಹನಕುಮಾರ್, ಪತ್ರಕರ್ತ ಶ್ರೀಪಡ್ರೆ ಇಂಥವರು ಸಂಶಯವನ್ನು ಆಕಾಶದ ಕಡೆಗೆ ತಿರುಗಿಸಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ಅದನ್ನು ನಿಷೇಧಿಸಿತು. 2017ರ ಜನವರಿಯಲ್ಲಿ ಪ್ರತಿ ಸಂತ್ರಸ್ತರಿಗೆ ಐದು ಲಕ್ಷ ಕೊಡಿ ಎಂದಿತು. ದೈವದ ಮುನಿಸು ಎಂದು ಸುಮ್ಮನಾಗಿದ್ದರೆ ಆ ಐದು ಲಕ್ಷವನ್ನು ಯಾರ ಹತ್ತಿರ ಕೇಳಬೇಕಿತ್ತು?

ನನ್ನ ಗೆಡ್ಡೆಗೆ ಅದೇ ಕಾರಣವೇ ಎಂದು ಡಾಕ್ಟರನ್ನು ಕೇಳಿದೆ. ಒಬ್ಬಳ ವಿಷಯದಲ್ಲಿ ಹಾಗೆ ಹೇಳಲು ಬರುವುದಿಲ್ಲ ಎಂದರು. ಹೌದು ಎನ್ನಲಿ ಎಂಬ ಆಸೆ ನನಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಬೊಟ್ಟು ಮಾಡಲು ಒಬ್ಬರು ಸಿಕ್ಕಿದರೆ ಎಷ್ಟು ಹಗುರ! ಆದರೆ ಪಡ್ರೆಯ ಆ ಮಕ್ಕಳ ಲೆಕ್ಕಕ್ಕೆ ನನ್ನದನ್ನೂ ಸುಮ್ಮನೆ ಸೇರಿಸಿದರೆ ಅವರ ಲೆಕ್ಕ ಕೆಡುತ್ತದೆ.

ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯವನ್ನು ಓದಿದ್ದು ಆಪರೇಷನ್ ಆದ ಮೇಲೆ, ಪಕ್ಕೆಯಲ್ಲಿ ಡ್ರೈನ್ ಚೀಲ ನೇತುಹಾಕಿಕೊಂಡು. ಆಯುಷ್ಯ ಮೊದಲೇ ಬರೆದಿಟ್ಟದ್ದೇ ಎಂದು ಅಗ್ನಿವೇಶ ಕೇಳುತ್ತಾನೆ. ಬರೆದಿಟ್ಟದ್ದಾದರೆ ಮದ್ದು, ಮಂತ್ರ, ಹೋಮ ಯಾರಿಗೆ ಬೇಕು, ಸೊಕ್ಕಿದ ಆನೆ ಕಂಡರೆ ಜನ ಯಾಕೆ ಓಡುತ್ತಾರೆ ಎಂದು ಗುರು ಆತ್ರೇಯನ ಉತ್ತರ. ಗಾಡಿಯ ಅಚ್ಚು ಗಟ್ಟಿಯಾಗಿದ್ದರೆ ಸವೆದು ಸವೆದು ತನ್ನ ಕಾಲಕ್ಕೆ ಮುಗಿಯುತ್ತದೆ. ಅದೇ ಅಚ್ಚು ಅತಿ ಭಾರಕ್ಕೆ, ಕೆಟ್ಟ ದಾರಿಗೆ ನಡುವೆಯೇ ಮುರಿಯುತ್ತದೆ. ಹಿಂದಿನದೂ ಉಂಟು, ಈಗ ಮಾಡುವುದೂ ಉಂಟು, ಯಾವುದು ಬಲವಾದದ್ದೋ ಅದು ಗೆಲ್ಲುತ್ತದೆ. ಇದನ್ನು ಎಲ್ಲರೂ ಉದಾಹರಿಸುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ಅಧ್ಯಾಯದ ಇನ್ನೊಂದು ಮಾತು. ಒಂದು ನಾಡಿನ ಗಾಳಿ, ನೀರು, ಮಣ್ಣು, ಕಾಲ ಕೆಟ್ಟು ಜನ ಒಟ್ಟಿಗೇ ನಾಶವಾಗುವುದಕ್ಕೆ ಮೂಲ ಅಧರ್ಮ ಎನ್ನುತ್ತಾನೆ ಆತ್ರೇಯ. ಯಾರ ಅಧರ್ಮ? ನಾಡನ್ನು, ನಗರವನ್ನು ಆಳುವ ಮುಖ್ಯಸ್ಥರು ಧರ್ಮ ಮೀರುವುದರಿಂದ ಅದು ಶುರುವಾಗುತ್ತದೆ ಎಂದು ಸ್ಪಷ್ಟವಾಗಿಯೇ ಇದೆ. ಮಾಡುವವರು ಮೇಲಿನವರು, ತೆರುವವರು ಕೆಳಗಿನವರು. ಕರ್ಮ ಎಂದರೆ ಮಾಡಿದವನಿಗೇ ತಟ್ಟುವ ಲೆಕ್ಕ ಎಂದು ನನಗೆ ಕಲಿಸಿದ್ದರು. ಲೋಕದಲ್ಲಿ ಹಾಗೆ ನಡೆಯುವುದಿಲ್ಲವೆಂದು ವೈದ್ಯನಿಗೆ ಆಗಲೇ ಗೊತ್ತಿತ್ತು.

ಆ ವರ್ಷದ ತರವಾಡಿನ ಕೋಲಕ್ಕೆ ಹೋಗುವಷ್ಟು ಚೇತರಿಸಿಕೊಂಡಿದ್ದೆ. ಎಡಗೈಯಲ್ಲಿ ನೀರು ತುಂಬದಂತೆ ಬಿಗಿ ತೋಳುಚೀಲ. ಆ ಕೈಯಿಂದ ಬಾವಿಯ ನೀರು ಸೇದಬಾರದು, ಆ ಕೈಗೆ ಬಿ.ಪಿ. ಪಟ್ಟಿ ಕಟ್ಟಿಸಬಾರದು, ದಿನಾ ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತ ಮೇಲಕ್ಕೆ ಒಯ್ಯಬೇಕು. ಧೂಮಾವತಿಯ ನುಡಿ ಆಗುವಾಗ ಮಾವ ನನ್ನ ಪರವಾಗಿ ಮುಂದೆ ನಿಂತು ಅರಿಕೆ ಮಾಡಿದರು. ನಮ್ಮ ದೈವಗಳ ಎದುರು ನಿಂತು ಮಾತಾಡಬಹುದು, ವಾದ ಮಾಡಬಹುದು, ನಂಬಿದವರಿಗೆ ಹೀಗಾಯಿತಲ್ಲ ಎಂದು ದೂರಬಹುದು, ಮಾವ ದೂರಿದರು. ದೈವ ಕಾರಣ ಹೇಳಲಿಲ್ಲ. ಯಾವ ಜನ್ಮ, ಯಾರ ಶಾಪ ಎನ್ನಲಿಲ್ಲ. ನಾನಿದ್ದೇನೆ, ಕೈ ಬಿಡುವುದಿಲ್ಲ ಎಂದು ತುಳುವಿನಲ್ಲಿ ಹೇಳಿ ಗಂಧ ಕೊಟ್ಟಿತು. ಪ್ರಶ್ನೆಯವರು ಹಿಂದಕ್ಕೆ ನೋಡಿದ್ದರು. ದೈವ ನಾಳೆಗೆ ಮಾತು ಕೊಟ್ಟಿತು. ನಂಬುವವಳಾಗಿ ನನಗೆ ಬೇಕಾದದ್ದು ಎರಡನೆಯದು, ಅದನ್ನು ಯಾವ ಸಂಕೋಚವೂ ಇಲ್ಲದೆ ತೆಗೆದುಕೊಂಡೆ. ದಿನಾ ರಾತ್ರಿ ನುಂಗುವ ಲೆಟ್ರೊಜೋಲ್ ಮಾತ್ರೆಯನ್ನೂ ಹಾಗೇ ತೆಗೆದುಕೊಳ್ಳುತ್ತೇನೆ.

ಆದರೆ ಪ್ರಶ್ನೆಯಲ್ಲಿ ಬಂದ ಆ ಹೆಂಗಸು ನನ್ನನ್ನು ಬಿಡಲಿಲ್ಲ. ತಿಲಹೋಮದ ದಿನ ಸಂಕಲ್ಪಕ್ಕೆ ಹೆಸರು ಕೇಳಿದಾಗ ಯಾರಿಗೂ ಗೊತ್ತಿರಲಿಲ್ಲ. 'ಕುಟುಂಬದ ನೊಂದ ಸ್ತ್ರೀ' ಎಂದು ಹೇಳಿಸಿ ಮುಗಿಸಿದರು. ನನ್ನ ಕಾಯಿಲೆಗೆ ಆಕೆ ಕಾರಣಳೆಂದು ನಾನು ಒಪ್ಪುವುದಿಲ್ಲ. ಆಕೆಗೆ ನಮ್ಮಿಂದ ಅನ್ಯಾಯವಾಯಿತು ಎಂಬುದು ಅದರಿಂದ ಸುಳ್ಳಾಗುವುದಿಲ್ಲ. ಸಾಲ ನಿಜ, ಚೀಟಿ ಬರೆದದ್ದು ಮಾತ್ರ ತಪ್ಪು ಮೈಮೇಲೆ. ನನಗೆ ಈ ಕಾಯಿಲೆ ಬಾರದಿದ್ದರೂ ಆ ಸಾಲ ಇದ್ದೇ ಇರುತ್ತಿತ್ತು. ಪ್ರಶ್ನೆ ಇಡದಿದ್ದರೆ ಯಾರಿಗೂ ನೆನಪಾಗುತ್ತಿರಲಿಲ್ಲ. ಅಷ್ಟು ಮಟ್ಟಿಗೆ ಜೋಯಿಸರಿಗೆ ನಾನು ಋಣಿ.

ಆಕೆಯ ಸಂತತಿ ಮುಳ್ಳೇರಿಯದ ಕಡೆ ಇದೆ ಎಂಬುದು ಮನೆಯ ಹಿರಿಯರಿಗೆ ತಿಳಿದಿತ್ತು. 1976ರ ಡಿಸೆಂಬರ್ 1ರಂದು ಕೇರಳದಲ್ಲಿ ಅವಿಭಕ್ತ ಕುಟುಂಬ ಪದ್ಧತಿ ರದ್ದಾಗಿ ಎಲ್ಲರಿಗೂ ಅವರವರ ಪಾಲು ಎಂದಾದಾಗ ನಮ್ಮ ಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ. ಈ ಸಲದ ತಂಬಿಲಕ್ಕೆ ಅವರನ್ನು ಕರೆಯೋಣ ಎಂದೆ. ಮಾವ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. "ಹೋಮದಲ್ಲಿ ಅದು ಮುಗಿಯಿತಲ್ಲ ಮಗಾ. ಈಗ ಕರೆದರೆ ಪಾಲು ಕೇಳ್ತಾರೆ." ಕೇಳಲಿ, ಎಂದೆ. ಸತ್ತವಳ ಪ್ರೇತಕ್ಕೆ ಸಾವಿರಾರು ರೂಪಾಯಿ ಎಣಿಸಿ ಕೊಟ್ಟವರಿಗೆ ಬದುಕಿರುವ ಮೊಮ್ಮಕ್ಕಳಿಗೆ ಒಂದು ಊಟ ಹಾಕಲು ಭಯ. ಇವರು ಮೊದಲು ಮಾವನ ಪರ ಇದ್ದರು, ಈಗ ಸುಮ್ಮನಿದ್ದಾರೆ. ಅದು ಅರ್ಧ ಒಪ್ಪಿಗೆ.

ನಂಬರು ಹುಡುಕಿ ನಾನೇ ಫೋನು ಮಾಡಿದೆ. ನನ್ನ ವಯಸ್ಸಿನ ಹೆಂಗಸೇ ಎತ್ತಿದ್ದು. ಕುಟುಂಬದ ಹೆಸರು ಹೇಳಿದಾಗ "ಓ, ಆ ಮನೆಯವರಾ" ಎಂದು ಸ್ವಲ್ಪ ಹೊತ್ತು ಬಿಟ್ಟು, ಏನು ವಿಷಯ ಎಂದರು. ಎದುರು ಕೂತು ಹೇಳಬೇಕಾದ ವಿಷಯ ಎಂದೆ. ಆಕೆಯ ಹೆಸರು ನಿಮಗೆ ಗೊತ್ತುಂಟಾ ಎಂದೂ ಕೇಳಿದೆ. "ಗೊತ್ತಿಲ್ಲದೆ? ನನಗೆ ಇಟ್ಟದ್ದು ಅದೇ ಹೆಸರು" ಎಂದರು. ಬುಧವಾರ ಬನ್ನಿ ಎಂದಿದ್ದಾರೆ. ಬುಧವಾರ ನನಗೆ ಮಂಗಳೂರಲ್ಲಿ ಚೆಕಪ್. ಗುರುವಾರ ಆಗಬಹುದೇ ಎಂದು ಕೇಳಿದ್ದೇನೆ.